ಭಯಾನಕ ರಸವೂ ವಿಡಿಯೋ ಆಟಗಳೂ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಲೇಖನ)

ಭಯವು ಪ್ರಾಣಿಮಾತ್ರಕ್ಕೆ ಸಹಜವಾದ ಭಾವ. ಆದರೆ ಭಯವನ್ನು ತಾನಾಗಿ ಬಯಸಿ, ಅದಕ್ಕಾಗಿ ಹಣವನ್ನೂ ನಿದ್ದೆಯನ್ನೂ ಕಳೆದುಕೊಳ್ಳುವವನು ಮನುಷ್ಯ. ಅಜ್ಜಿಯಿಂದ ದೆವ್ವದ ಕಥೆ ಕೇಳಿ ಕಂಬಳಿಯೊಳಗೆ ಮುದುರಿಕೊಂಡ ಮಗು ಮರುದಿನ ಸಂಜೆ ಅದೇ ಕಥೆಯನ್ನು ಹೇಳೆಂದು ಪೀಡಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಈ ಬಯಕೆಯನ್ನು ತಣಿಸಲು ನಮ್ಮ ಕಾಲದಲ್ಲಿ ಹುಟ್ಟಿದ ಸಾಧನವೇ ಭಯಾನಕ ವಿಡಿಯೋ ಆಟ. ನಮ್ಮ ವಿದ್ಯಾರ್ಥಿನಿಲಯದಲ್ಲಿ ಇಂಥ ಆಟಗಳನ್ನು ಆಡುವವರೂ, ಆಡುವವರ ಬೆನ್ನ ಹಿಂದೆ ನಿಂತು ನೋಡುವವರೂ ಕಡಮೆಯಿಲ್ಲ. ಕೆಲವು ಆಟಗಳು ನಿಜವಾಗಿಯೂ ಹೆದರಿಸುತ್ತವೆ. ಕೆಲವು ರಕ್ತದ ಹೊಳೆಯನ್ನೇ ಹರಿಸಿದರೂ ಆಕಳಿಕೆ ತರಿಸುತ್ತವೆ. ಇದಕ್ಕೆ ಕಾರಣವೇನು? ಕಾವ್ಯಮೀಮಾಂಸೆಯ ತರಗತಿಯಲ್ಲಿ ಕಲಿತ ನಾಲ್ಕು ಮಾತುಗಳ ಸಹಾಯದಿಂದ ಇದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಆಟಕ್ಕೂ ರಸಕ್ಕೂ ಏನು ನಂಟು ಎಂದು ಕೇಳುವವರು ಕೊನೆಯವರೆಗೆ ತಾಳಿಕೊಳ್ಳಬೇಕೆಂದು ಪ್ರಾರ್ಥನೆ.

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳನ್ನು ಹೇಳಿದ್ದಾನೆ. ಅವುಗಳಲ್ಲಿ ಭಯಾನಕಕ್ಕೆ ಭಯವೂ, ಬೀಭತ್ಸಕ್ಕೆ ಜುಗುಪ್ಸೆಯೂ ಸ್ಥಾಯಿಭಾವಗಳು. ಎಂದರೆ ಹೆದರಿಕೆ ಬೇರೆ, ಹೇಸಿಗೆ ಬೇರೆ. ಇದಲ್ಲದೆ ಬಂದು ಹೋಗುವ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ‘ತ್ರಾಸ’ವೂ ಒಂದು, ‘ಶಂಕೆ’ಯೂ ಒಂದು. ಸಿಡಿಲು ಬಡಿದಾಗ ಮೈ ಬೆಚ್ಚಿಬೀಳುವುದು ತ್ರಾಸ. ಏನೋ ಕೆಡುಕಾಗಲಿದೆಯೆಂದು ಮನಸ್ಸು ತೂಗಾಡುವುದು ಶಂಕೆ. ಈ ವಿಂಗಡಣೆಯನ್ನು ನೆನಪಿನಲ್ಲಿಟ್ಟುಕೊಂಡರೆ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದಂತೆಯೇ. ಸೋತ ಆಟಗಳು ಹೇಸಿಗೆಯನ್ನೂ ತ್ರಾಸವನ್ನೂ ಭಯವೆಂದು ತಿಳಿದುಕೊಂಡಿವೆ. ಕತ್ತರಿಸಿದ ಅಂಗಾಂಗಗಳನ್ನು ರಾಶಿ ಹಾಕಿದರೆ ನಾವು ಮುಖ ತಿರುಗಿಸುತ್ತೇವೆಯೇ ಹೊರತು ಹೆದರುವುದಿಲ್ಲ. ಮೌನದ ನಡುವೆ ಫಕ್ಕನೆ ಒಂದು ವಿಕಾರ ಮುಖವನ್ನು ಕಿರುಚುತ್ತ ತೋರಿಸಿದರೆ ಬೆಚ್ಚುತ್ತೇವೆ, ನಿಜ. ಆದರೆ ಮರುಕ್ಷಣವೇ ನಗುತ್ತೇವೆ. ಕಿವಿಯ ಬಳಿ ಪಟಾಕಿ ಹೊಡೆದರೂ ಅಷ್ಟು ಆಗುತ್ತದೆ. ಅದಕ್ಕೆ ಕಲೆ ಬೇಕಾಗಿಲ್ಲ.

ಹಾಗಾದರೆ ಭಯವು ಸ್ಥಾಯಿಯಾಗಿ ನಿಲ್ಲುವುದು ಹೇಗೆ? ಮೊದಲನೆಯದಾಗಿ, ಕಾಣದಿರುವುದರಿಂದ. ಭರತನು ಭಯಾನಕಕ್ಕೆ ಹೇಳಿರುವ ವಿಭಾವಗಳಲ್ಲಿ ವಿಕಾರವಾದ ಧ್ವನಿ, ನರಿ ಗೂಬೆಗಳು, ಶೂನ್ಯಗೃಹ, ಅರಣ್ಯ ಇವು ಸೇರಿವೆ. ಇವುಗಳಲ್ಲಿ ಹೆಚ್ಚಿನವು ಕಿವಿಗೆ ಬೀಳುವಂಥವು, ಇಲ್ಲವೆ ಬರಿದಾಗಿರುವಂಥವು ಎಂಬುದನ್ನು ಗಮನಿಸಬೇಕು. ಜಪಾನಿನ ಕೊನಾಮಿ ಸಂಸ್ಥೆಯು 1999ರಲ್ಲಿ ಹೊರತಂದ ‘ಸೈಲೆಂಟ್ ಹಿಲ್’ ಇದಕ್ಕೆ ಒಳ್ಳೆಯ ನಿದರ್ಶನ. ಅಂದಿನ ಪ್ಲೇಸ್ಟೇಷನ್ ಯಂತ್ರಕ್ಕೆ ದೂರದ ಬೀದಿಗಳನ್ನು ಚಿತ್ರಿಸುವ ಶಕ್ತಿಯಿರಲಿಲ್ಲ. ಆ ಕೊರತೆಯನ್ನು ಮುಚ್ಚಲು ಊರಿಗೆಲ್ಲ ಮಂಜು ಕವಿಸಿದರು. ಕೊರತೆಯೇ ಗುಣವಾಯಿತು! ನಾಯಕನ ಬಳಿಯಲ್ಲೊಂದು ಪುಟ್ಟ ರೇಡಿಯೋ ಇದೆ. ದುಷ್ಟಜಂತು ಹತ್ತಿರ ಬಂದಾಗ ಅದು ಗರಗರ ಸದ್ದು ಮಾಡುತ್ತದೆ. ಏನೋ ಬಂದಿದೆಯೆಂದು ತಿಳಿಯಿತು. ಎಲ್ಲಿಂದ ಎಂಬುದು ತಿಳಿಯಲಿಲ್ಲ. ಶಂಕೆಯನ್ನು ಬೆಳೆಸುವ ಬಗೆ ಇದು. 2010ರ ‘ಅಮ್ನೀಶಿಯಾ’ ಎಂಬ ಸ್ವೀಡನ್ ದೇಶದ ಆಟದಲ್ಲಿ ನೀರು ತುಂಬಿದ ನೆಲಮಾಳಿಗೆಯೊಂದುಂಟು. ಅಲ್ಲಿಯ ಪ್ರಾಣಿ ಕಣ್ಣಿಗೆ ಕಾಣುವುದೇ ಇಲ್ಲ. ನೀರಿನಲ್ಲಿ ಅದು ಹೆಜ್ಜೆಯಿಡುವಾಗ ಏಳುವ ಸಿಡಿತವಷ್ಟೇ ಕಾಣುತ್ತದೆ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಾರುತ್ತ ಆ ಸಿಡಿತದಿಂದ ತಪ್ಪಿಸಿಕೊಳ್ಳಬೇಕು. ಆ ಆಟದ ಬೇರಾವ ಭೂತವೂ ನನ್ನನ್ನು ಇಷ್ಟು ಕಾಡಲಿಲ್ಲ.

ಎರಡನೆಯದಾಗಿ, ಅಭಾವದಿಂದ. ಕೈ ತುಂಬ ಮದ್ದುಗುಂಡುಗಳಿದ್ದವನು ಬೇಟೆಗಾರ. ಎರಡೇ ಗುಂಡುಗಳಿದ್ದವನು ಬೇಟೆ. 1996ರಲ್ಲಿ ಕ್ಯಾಪ್‌ಕಾಮ್ ಸಂಸ್ಥೆಯವರು ತಂದ ‘ರೆಸಿಡೆಂಟ್ ಈವಿಲ್’ ಆಟದಲ್ಲಿ ಗುಂಡುಗಳು ವಿರಳ. ಆಟವನ್ನು ಉಳಿಸಿಡಬೇಕಾದರೂ ಬೆರಳಚ್ಚು ಯಂತ್ರಕ್ಕೆ ಹಾಕುವ ಶಾಯಿಯ ರಿಬ್ಬನ್ ಬೇಕು, ಅವೂ ಎಣಿಕೆಯಷ್ಟೇ. ಹೀಗಾಗಿ ಮುಂದಿನ ಬಾಗಿಲನ್ನು ತೆರೆಯುವುದೇ ಒಂದು ನಿರ್ಧಾರವಾಗುತ್ತದೆ. ಅದೇ ಮಾಲೆಯ ಆರನೆಯ ಆಟ 2012ರಲ್ಲಿ ಬಂದಿತು. ಸ್ಫೋಟ, ಓಟ, ಗುಂಡಿನ ಮಳೆ ಎಲ್ಲವೂ ಅದರಲ್ಲಿವೆ. ಭಯ ಮಾತ್ರ ಇಲ್ಲವೆಂದು ಹಲವು ವಿಮರ್ಶಕರು ದೂರಿದರು. 2017ರ ಏಳನೆಯ ಆಟದಲ್ಲಿ ಹಾಳುಬಿದ್ದ ಒಂದು ಮನೆಗೆ ಹಿಂತಿರುಗಿದರು, ಭಯವೂ ಹಿಂತಿರುಗಿತು. ಮೇಲೆ ಹೇಳಿದ ‘ಅಮ್ನೀಶಿಯಾ’ದಲ್ಲಂತೂ ಆಯುಧವೇ ಇಲ್ಲ. ಬೆಳಕಿನಲ್ಲಿ ನಿಂತರೆ ಭೂತ ಕಾಣುತ್ತದೆ. ಕತ್ತಲಲ್ಲಿ ಅಡಗಿದರೆ ನಾಯಕನ ಬುದ್ಧಿಯೇ ಕದಡುತ್ತದೆ. ಎರಡು ಕೇಡುಗಳಲ್ಲಿ ಒಂದನ್ನು ನಾವೇ ಆರಿಸಿಕೊಳ್ಳಬೇಕು.

ಮೂರನೆಯದಾಗಿ, ಅನಿಶ್ಚಯದಿಂದ. ಒಂದೇ ಜಾಗದಲ್ಲಿ ಹತ್ತು ಸಲ ಸತ್ತವನಿಗೆ ಹನ್ನೊಂದನೆಯ ಸಲ ಉಳಿಯುವುದು ಬೇಸರ ಮಾತ್ರ. ಭೂತವು ಯಾವ ಮೂಲೆಯಿಂದ ಬರುತ್ತದೆಂಬುದು ಬಾಯಿಪಾಠವಾದ ಮೇಲೆ ಅದು ಸಮಯಕ್ಕೆ ಸರಿಯಾಗಿ ಬರುವ ಬಸ್ಸಿನಂತೆ. 2014ರ ‘ಏಲಿಯನ್: ಐಸೊಲೇಷನ್’ ಈ ತೊಡಕನ್ನು ಜಾಣತನದಿಂದ ಬಿಡಿಸಿದೆ. ಅಲ್ಲಿ ಬೆನ್ನಟ್ಟುವ ಜಂತುವನ್ನು ನಡೆಸುವ ಯಂತ್ರಬುದ್ಧಿಗಳು ಎರಡು. ಆಟಗಾರನು ಎಲ್ಲಿದ್ದಾನೆಂದು ಒಂದಕ್ಕೆ ಸದಾ ಗೊತ್ತು. ಅದು ಜಂತುವಿಗೆ ಸ್ಥೂಲವಾದ ಸುಳಿವನ್ನಷ್ಟೇ ಕೊಡುತ್ತದೆ. ಇನ್ನೊಂದು ಜಂತುವಿನದೇ ಬುದ್ಧಿ. ಅದು ತನ್ನ ಕಣ್ಣು ಕಿವಿಗಳಿಂದಲೇ ನಮ್ಮನ್ನು ಹುಡುಕಬೇಕು. ಆದುದರಿಂದ ಅದು ಎಂದೂ ಬಹಳ ದೂರ ಹೋಗುವುದಿಲ್ಲ. ಆದರೂ ಎಲ್ಲಿ ಬಂದೀತೆಂದು ಹೇಳುವಂತಿಲ್ಲ. ಅದರ ಇರವನ್ನು ತಿಳಿಸುವ ಉಪಕರಣದ ಸದ್ದು ಕೂಡ, ಜಂತು ಹತ್ತಿರವಿದ್ದರೆ, ಅದರ ಕಿವಿಗೆ ಬೀಳುತ್ತದೆ!

ಇಲ್ಲೊಂದು ಆಕ್ಷೇಪ ಏಳಬಹುದು. ನಾಟಕದಲ್ಲಿ ಹೆದರುವವನು ಪಾತ್ರಧಾರಿ, ಸವಿಯುವವನು ಪ್ರೇಕ್ಷಕ. ಶಾಕುಂತಲದ ಆರಂಭದಲ್ಲಿ ದುಷ್ಯಂತನ ಬಾಣಕ್ಕೆ ಹೆದರಿ ಓಡುವ ಜಿಂಕೆಯನ್ನೇ ಅಭಿನವಗುಪ್ತನು ಉದಾಹರಿಸುತ್ತಾನೆ. ಆ ಭಯ ಜಿಂಕೆಯದೂ ಅಲ್ಲ, ನನ್ನದೂ ಅಲ್ಲ. ದೇಶಕಾಲಗಳ ಕಟ್ಟು ಕಳಚಿದ ಬರಿಯ ಭಯ. ಅದಕ್ಕಾಗಿಯೇ ಅದು ಆಸ್ವಾದ್ಯ. ಆಟದಲ್ಲಾದರೋ ಓಡುವ ಜಿಂಕೆ ನಾನೇ. ಆಗ ಅದು ರಸವಾಗುವುದು ಹೇಗೆ?

ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಉತ್ತರ ಹೊಳೆದುದು ಊರಿನಲ್ಲಿ. ನನ್ನ ತಂದೆ ಓದುಬರಹ ಬಲ್ಲವರಲ್ಲ. ಫಸಲಿನ ಕಾಲದಲ್ಲಿ ಕಾಡುಹಂದಿಗಳಿಂದ ಜೋಳವನ್ನು ಕಾಯಲು ರಾತ್ರಿಯೆಲ್ಲ ಹೊಲದ ಅಟ್ಟಣೆಯ ಮೇಲಿರುತ್ತಾರೆ. ಕಳೆದ ರಜೆಯಲ್ಲಿ ಅವರ ಜೊತೆಗಿದ್ದಾಗ 2014ರ ‘ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್’ ಆಟವನ್ನು ಮೊಬೈಲಿನಲ್ಲಿ ತೋರಿಸಿದೆ. ಅದರಲ್ಲಿ ಆಟಗಾರನು ಒಬ್ಬ ರಾತ್ರಿ ಕಾವಲುಗಾರ. ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ ಕುಳಿತಲ್ಲೇ ಕುಳಿತು, ತೀರುತ್ತಿರುವ ವಿದ್ಯುತ್ತನ್ನು ಲೆಕ್ಕ ಹಾಕುತ್ತ, ತನ್ನತ್ತ ಬರುವ ಬೊಂಬೆಗಳನ್ನು ಬಾಗಿಲು ಮುಚ್ಚಿ ತಡೆಯಬೇಕು. ಬೊಂಬೆ ಕಿರುಚುತ್ತ ಎದುರಿಗೆ ಬಂದಾಗ ನಾನು ಬೆಚ್ಚಿದೆ. ಅಪ್ಪ ಬೆಚ್ಚಲಿಲ್ಲ. “ಕಂಡ ಮ್ಯಾಲೆ ಹೆದರಿಕೆ ಎಂಥದ್ದೋ ಮಗಾ? ಹಂದಿ ಕಂಡ್ರೆ ಕೂಗು ಹಾಕ್ತೀನಿ, ಓಡ್ತದೆ. ಜೀರುಂಡೆ ಸದ್ದು ಇದ್ದಕ್ಕಿದ್ದಂಗೆ ನಿಂತೋಗ್ತದಲ್ಲ, ಆಗ ಹೆದರಿಕೆ” ಎಂದರು. ಮೇಲೆ ನಾನು ಇಷ್ಟುದ್ದ ಬರೆದುದನ್ನು ಅವರು ಒಂದೇ ಉಸಿರಿನಲ್ಲಿ ಹೇಳಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿದರು: “ಇದನ್ನ ಬ್ಯಾಡ ಅನ್ಸಿದಾಗ ಆರಿಸ್ಬೌದಾ?” ಆರಿಸಬಹುದೆಂದೆ. “ಹಂಗಾದ್ರೆ ಚೆನ್ನಾಗದೆ ಬಿಡು” ಎಂದು ನಕ್ಕರು.

ಅಟ್ಟಣೆಯ ಮೇಲಿನ ಭಯವನ್ನು ಆರಿಸಲಾಗುವುದಿಲ್ಲ. ಜೋಳ ಹೋದರೆ ವರ್ಷದ ಅನ್ನ ಹೋಯಿತು, ನನ್ನ ಕಾಲೇಜಿನ ಶುಲ್ಕವೂ ಹೋಯಿತು. ಅದು ಲೌಕಿಕವಾದ ಭಯ, ಅದರಲ್ಲಿ ರಸವಿಲ್ಲ. ಆರಿಸಬಹುದಾಗಿದ್ದರೂ ಆರಿಸದೆ, ನಮ್ಮದೇ ಕೈಯಿಂದ ಮುಂದಿನ ಬಾಗಿಲನ್ನು ತೆರೆಯುತ್ತೇವಲ್ಲ, ಆ ಅಂತರದಲ್ಲಿಯೇ ಆಟದ ಭಯಾನಕ ರಸ ಹುಟ್ಟುತ್ತದೆ. ಜಿಂಕೆಯಾಗಿ ಓಡುವವನೂ, ಓಟವನ್ನು ಸವಿಯುವವನೂ ಅಲ್ಲಿ ಒಬ್ಬನೇ. ಬರಿಯ ಕಿರುಚಾಟದ ಆಟ ಈ ಅಂತರವನ್ನು ಕಸಿದುಕೊಳ್ಳುತ್ತದೆ. ಒಳ್ಳೆಯ ಆಟ ಅದನ್ನು ಕಾಪಾಡಿಕೊಳ್ಳುತ್ತದೆ.

ಒಟ್ಟಿನಲ್ಲಿ, ಕಡಮೆ ತೋರಿಸಿ, ಕಡಮೆ ಕೊಟ್ಟು, ಮುಂದೇನೆಂಬುದನ್ನು ಮುಚ್ಚಿಟ್ಟ ಆಟವೇ ನಿಜವಾಗಿ ಹೆದರಿಸುತ್ತದೆ. ಶಾಸ್ತ್ರವನ್ನು ಅನ್ವಯಿಸುವುದರಲ್ಲಿ ನಾನು ತಪ್ಪಿದ್ದರೆ ಗುರುಗಳು ತಿದ್ದಬೇಕು. ಆದರೆ ಜೀರುಂಡೆಯ ಮಾತು ಮಾತ್ರ ತಪ್ಪಲ್ಲವೆಂದು ನನಗೆ ನಂಬಿಕೆ. ಆ ರಾತ್ರಿ ಅಟ್ಟಣೆಯ ಮೇಲೆ ಅದು ಒಮ್ಮೆ ನಿಂತಾಗ ನಾನೂ ಅಲ್ಲಿಯೇ ಇದ್ದೆ.