ಖಾತ್ರಿಯ ಬೆನ್ನು ಬಿಡುವುದು: ಆರೋಗ್ಯದ ಆತಂಕ ಕಲಿಸಿದ ಏಳು ಪಾಠಗಳು

ಎದೆ ಚುಚ್ಚಿದರೆ ಹೃದಯಾಘಾತ, ತಲೆ ನೋವಾದರೆ ಮೆದುಳಿನ ಗೆಡ್ಡೆ, ಕತ್ತಿನಲ್ಲಿ ಗಂಟು ಸಿಕ್ಕರೆ ಕ್ಯಾನ್ಸರ್. ಇಂಥ ಭಯ ಹೊತ್ತು ಬರುವವರ ಜೊತೆ ಮನಶ್ಶಾಸ್ತ್ರಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ಈಗ ಅವರಲ್ಲಿ ಹೆಚ್ಚಿನವರು ಸಿಗುವುದು ವಿಡಿಯೊ ಕರೆಯಲ್ಲಿ. ಎಲ್ಲರೂ ಕೇಳುವುದು ಒಂದನ್ನೇ: ‘ನನಗೆ ಏನೂ ಇಲ್ಲ ಅಂತ ನೂರಕ್ಕೆ ನೂರು ಹೇಳಿ.’ ಅಂಥ ಖಾತ್ರಿಯನ್ನು ಯಾವ ವೈದ್ಯರೂ ಯಾರಿಗೂ ಕೊಡಲಾರರು. ಅದಿಲ್ಲದೆಯೂ ಚೆನ್ನಾಗಿ ಬದುಕಬಹುದು ಎಂದು ಕಲಿಯುವುದೇ ಇಲ್ಲಿನ ಚಿಕಿತ್ಸೆ.

1. ನೋವು ನಿಜ, ಅದಕ್ಕೆ ಕೊಟ್ಟ ಅರ್ಥವನ್ನು ಪರೀಕ್ಷಿಸಿ

‘ಎಲ್ಲ ನಿಮ್ಮ ಭ್ರಮೆ’ ಎಂಬ ಮಾತು ಇವರನ್ನು ನೋಯಿಸುತ್ತದೆ, ಮೇಲಾಗಿ ಅದು ತಪ್ಪು. ಹೆದರಿದಾಗ ಅಡ್ರಿನಲಿನ್ ಹೆಚ್ಚಿ ಎದೆ ಬಡಿತ ಜೋರಾಗುತ್ತದೆ. ಉಸಿರು ವೇಗವಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮುಗುಡುತ್ತವೆ, ತಲೆ ಸುತ್ತುತ್ತದೆ. ಗಂಟನ್ನು ಪದೇ ಪದೇ ಒತ್ತಿ ನೋಡಿದರೆ ಆ ಜಾಗ ನೋಯುತ್ತದೆ, ಆ ನೋವೇ ಹೊಸ ಸಾಕ್ಷಿಯಾಗುತ್ತದೆ. ಪಾಲ್ ಸಾಲ್ಕೊವ್‌ಸ್ಕಿಸ್ ಮತ್ತು ಹಿಲರಿ ವಾರ್ವಿಕ್ ಎಂಬ ಸಂಶೋಧಕರು 1986ರಲ್ಲೇ ಈ ಸುಳಿಯನ್ನು ವಿವರಿಸಿದರು: ದೇಹದಲ್ಲೊಂದು ಅನುಭವ, ಅದಕ್ಕೆ ಭಯಂಕರ ಅರ್ಥ, ತಪಾಸಣೆ, ಅರೆಗಳಿಗೆಯ ನೆಮ್ಮದಿ, ಮತ್ತೆ ಅನುಮಾನ. ನಿಮ್ಮ ಕಳೆದ ವಾರದ ಒಂದು ಭಯವನ್ನು ಹೀಗೆ ಕಾಗದದ ಮೇಲೆ ಬರೆದು ನೋಡಿ. ಸ್ವಸಹಾಯ ಅಲ್ಲಿಂದ ಶುರುವಾಗುತ್ತದೆ.

2. ಸರಿಯಾದ ತಪಾಸಣೆ ಒಮ್ಮೆ, ಆಮೇಲೆ ಒಬ್ಬರೇ ವೈದ್ಯರು

2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. ಸಕ್ಕರೆ ಕಾಯಿಲೆ, ಬಿಪಿ, ಧೂಮಪಾನ ಇರುವವರು, ಮನೆತನದಲ್ಲಿ ಹೃದ್ರೋಗ ಇರುವವರು ತೋರಿಸಿಕೊಳ್ಳುವುದು ವಿವೇಕ. ಆತಂಕ ಇರುವವರ ಕಷ್ಟ ಬೇರೆ. ಇಸಿಜಿ ನಾರ್ಮಲ್ ಬಂದರೆ ಎಕೋ ಬೇಕು, ಎಕೋ ನಾರ್ಮಲ್ ಬಂದರೆ ಟಿಎಂಟಿ, ಅದೂ ಆದರೆ ಇನ್ನೊಂದು ಆಸ್ಪತ್ರೆ. ನಿಮ್ಮನ್ನು ಬಲ್ಲ ಒಬ್ಬ ವೈದ್ಯರ ಜೊತೆ ಕೂತು, ಯಾವುದಕ್ಕೆ ಮತ್ತೆ ಬರಬೇಕು, ಯಾವುದಕ್ಕೆ ಬೇಡ ಎಂದು ಬರೆಸಿಕೊಳ್ಳಿ. ಎದೆ ಒತ್ತಿ ಬೆವರುವುದು, ಪ್ರಜ್ಞೆ ತಪ್ಪುವುದು, ದೇಹದ ಒಂದು ಭಾಗ ಸ್ವಾಧೀನ ತಪ್ಪುವುದು, ಹೊಸದಾಗಿ ರಕ್ತ ಹೋಗುವುದು, ಇವಕ್ಕೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮುಂದೆ ಹೇಳುವ ಅಭ್ಯಾಸಗಳು ಇವಕ್ಕಲ್ಲ.

3. ಮನೆಯವರು ಹೇಳುವ ಧೈರ್ಯಕ್ಕೆ ಆಯಸ್ಸು ಕಡಿಮೆ

‘ರೀ, ನಾಲಿಗೆ ಬೆಳ್ಳಗಿದೆಯಾ ನೋಡಿ.’ ‘ಏನೂ ಇಲ್ಲ ಕಣೇ.’ ಅರ್ಧ ಗಂಟೆಯಲ್ಲಿ ಮತ್ತೆ: ‘ಬೆಳಕಲ್ಲಿ ಸರಿಯಾಗಿ ನೋಡಿದ್ರಾ?’ ಪ್ರತಿ ಉತ್ತರವೂ ಮುಂದಿನ ಪ್ರಶ್ನೆಯನ್ನು ಹತ್ತಿರ ತರುತ್ತದೆ. ಆದ್ದರಿಂದ ಒಂದು ಭೇಟಿಗೆ ಮನೆಯವರನ್ನೂ ಕರೆಯುತ್ತೇನೆ. ಭಯಪಡುವವರ ಒಪ್ಪಿಗೆಯಿಂದಲೇ ಮನೆಯವರು ಒಂದು ಮಾತು ಕಲಿಯುತ್ತಾರೆ: ‘ಇದಕ್ಕೆ ಉತ್ತರ ಹೇಳಲ್ಲ ಅಂತ ಮಾತಾಡಿಕೊಂಡಿದ್ದೀವಲ್ಲ. ಬಾ, ಒಂದು ಸುತ್ತು ನಡೆದು ಬರೋಣ.’ ಮೊದಲೇ ಒಪ್ಪಂದವಾಗದೆ ಹೀಗೆ ಸುಮ್ಮನಾದರೆ ಅದು ನಿರ್ಲಕ್ಷ್ಯದಂತೆ ಚುಚ್ಚುತ್ತದೆ. ಉತ್ತರ ನಿಲ್ಲಬೇಕು, ಪ್ರೀತಿ ನಿಲ್ಲಬಾರದು.

4. ಹುಡುಕಾಟವನ್ನು ಮುಂದೂಡಿ

ಮೈಕ್ರೋಸಾಫ್ಟ್‌ನ ಸಂಶೋಧಕರಾದ ರಯನ್ ವೈಟ್ ಮತ್ತು ಎರಿಕ್ ಹಾರ್ವಿಟ್ಜ್ 2009ರಲ್ಲಿ, ಸಾಮಾನ್ಯ ಲಕ್ಷಣವೊಂದರ ಹುಡುಕಾಟ ಅಪರೂಪದ ಗಂಭೀರ ಕಾಯಿಲೆಗಳತ್ತ ಹೇಗೆ ಏರುತ್ತಾ ಹೋಗುತ್ತದೆಂದು ತೋರಿಸಿದರು. ‘ಇನ್ನು ಗೂಗಲ್ ಮುಟ್ಟುವುದೇ ಇಲ್ಲ’ ಎಂಬ ಶಪಥ ಹೆಚ್ಚು ದಿನ ನಿಲ್ಲದು. ಅದರ ಬದಲು ಸಮಯ, ಲಕ್ಷಣ, ಹತ್ತಕ್ಕೆ ಭಯ ಎಷ್ಟು ಎಂದು ಬರೆದಿಟ್ಟು ಅರ್ಧ ಗಂಟೆ ಕಾಯಿರಿ, ಮತ್ತೆ ಅಂಕ ಕೊಡಿ. ಉತ್ತರ ಸಿಗದೆಯೂ ಭಯ ಇಳಿಯುತ್ತದೆ ಎಂಬುದನ್ನು ಸ್ವತಃ ಕಂಡವರಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ. ಚಾಟ್‌ಬಾಟ್‌ಗೂ ಇದೇ ನಿಯಮ. ನೂರನೇ ಸಲ ಕೇಳಿದರೂ ಅದು ಬೇಸರಿಸದೆ ಉತ್ತರಿಸುತ್ತದೆ, ಹಾಗಾಗಿ ಅದನ್ನು ಬಿಡುವುದು ಇನ್ನೂ ಕಷ್ಟ. ಬಿಪಿ ಮೆಷಿನ್, ಆಕ್ಸಿಮೀಟರ್, ಸ್ಮಾರ್ಟ್ ವಾಚ್‌ಗಳನ್ನೂ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾ ವೈದ್ಯರು ಹೇಳಿದಷ್ಟಕ್ಕೆ ತನ್ನಿ. ಗಾಬರಿಯಲ್ಲಿ ನೋಡಿದ ಬಿಪಿ ಗಾಬರಿಯನ್ನೇ ಅಳೆಯುತ್ತದೆ.

5. ದೂರವಿಟ್ಟದ್ದರ ಹತ್ತಿರ ಹೋಗಿ

ಒಬ್ಬರು ಓಡುವುದು ಬಿಟ್ಟಿರುತ್ತಾರೆ, ಇನ್ನೊಬ್ಬರು ಸಾವಿನ ಮನೆಗೆ ಹೋಗುವುದಿಲ್ಲ, ಮತ್ತೊಬ್ಬರು ಪತ್ರಿಕೆಯ ಆರೋಗ್ಯ ಪುಟ ತೆರೆಯುವುದಿಲ್ಲ. ಇವನ್ನೆಲ್ಲ ಸುಲಭದಿಂದ ಕಷ್ಟಕ್ಕೆ ಪಟ್ಟಿ ಮಾಡಿ, ಕೆಳಗಿನದರಿಂದ ಶುರು ಮಾಡಿ. ಮೆಟ್ಟಿಲು ಹತ್ತಿ, ನಾಡಿ ಹಿಡಿದು ನೋಡಬೇಡಿ. ಕೊನೆಯಲ್ಲಿ ಬರುವ ಅಭ್ಯಾಸ ಇದು: ‘ನನಗೂ ಮುಂದೆ ಕ್ಯಾನ್ಸರ್ ಬರಬಹುದು, ಬಾರದೆಯೂ ಇರಬಹುದು’ ಎಂದು ಬರೆದು ಗಟ್ಟಿಯಾಗಿ ಓದುವುದು. ಮನೆಯ ಹಿರಿಯರು ಕೇಳಿಸಿಕೊಂಡರೆ ‘ಬಿಡ್ತು ಅನ್ನು’ ಎನ್ನುತ್ತಾರೆ. ಆಡಿದ ಮಾತು ಕಾಯಿಲೆ ತರುವುದಿಲ್ಲ ಎಂಬುದನ್ನು ಹೀಗೆ ಆಡಿಯೇ ಕಲಿಯಬೇಕು.

6. ಆನ್‌ಲೈನ್ ಚಿಕಿತ್ಸೆ ಕೆಲಸ ಮಾಡುತ್ತದೆ, ನೀವೂ ಕೆಲಸ ಮಾಡಿದರೆ

ಸ್ಟಾಕ್‌ಹೋಮ್‌ನ ಕರೋಲಿನ್‌ಸ್ಕಾ ಸಂಸ್ಥೆಯ ತಂಡ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯದ ಆತಂಕವಿರುವ 204 ಜನರಿದ್ದರು. 12 ವಾರಗಳ ಇಂಟರ್‌ನೆಟ್ ಚಿಕಿತ್ಸೆ ಎದುರುಬದುರು ಕೂತು ಕೊಡುವ ಚಿಕಿತ್ಸೆಗಿಂತ ಕಡಿಮೆಯೇನೂ ಇರಲಿಲ್ಲ. ಅಲ್ಲಿ ಚಿಕಿತ್ಸಕರು ಒಬ್ಬೊಬ್ಬರಿಗೆ ಕೊಟ್ಟದ್ದು ವಾರಕ್ಕೆ ಸುಮಾರು 10 ನಿಮಿಷ, ಅದೂ ಬರಹದ ಮೂಲಕ. ಉಳಿದ ಕೆಲಸವನ್ನು ಜನ ತಾವೇ, ಭಯ ಹುಟ್ಟುವ ತಮ್ಮ ಮನೆಯಲ್ಲೇ ಮಾಡಿದರು. ಚಿಕಿತ್ಸಕರನ್ನು ಆರಿಸುವಾಗ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ, ಅರಿವು-ವರ್ತನಾ ಚಿಕಿತ್ಸೆ (ಸಿಬಿಟಿ) ಕೊಡುತ್ತಾರೆಯೇ, ಎರಡು ಭೇಟಿಗಳ ನಡುವೆ ಏನು ಅಭ್ಯಾಸ ಹಚ್ಚುತ್ತಾರೆ ಎಂದು ಕೇಳಿ. ಹಗಲು ರಾತ್ರಿ ಯಾವಾಗ ಬೇಕಾದರೂ ಲಕ್ಷಣ ಬರೆದು ಕಳಿಸಿ ಎನ್ನುವ ಸೇವೆ ನಿಮ್ಮ ಆತಂಕಕ್ಕೆ ಇನ್ನೊಂದು ಊರುಗೋಲಾದೀತು. ಮನೆಯಲ್ಲಿ ಏಕಾಂತ ಸಿಗದಿದ್ದರೆ ತಾರಸಿಯೋ ನಿಲ್ಲಿಸಿದ ಕಾರೋ ಸಾಕು.

7. ಸ್ವಸಹಾಯದ ಎಲ್ಲೆ ತಿಳಿದಿರಲಿ, ಅಳತೆ ಸರಿಯಿರಲಿ

ಈ ಭಯವನ್ನು ಹಗುರವಾಗಿ ಕಾಣಬೇಡಿ. 2023ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ ಆರೋಗ್ಯದ ಆತಂಕದ ರೋಗನಿರ್ಣಯ ಆದವರ ನಡುವೆ ಆತ್ಮಹತ್ಯೆಯ ಅಪಾಯ ಇತರರಿಗಿಂತ ಸುಮಾರು ನಾಲ್ಕು ಪಟ್ಟು ಕಂಡಿತು. ನಿದ್ರೆ ಹೋಗಿದ್ದರೆ, ಕೆಲಸಕ್ಕೆ ಹೋಗಲಾಗದಿದ್ದರೆ, ಬದುಕೇ ಬೇಡ ಎನಿಸಿದರೆ ಮನೋವೈದ್ಯರನ್ನು ಕಾಣಿ. ಇದಕ್ಕೆ ಔಷಧಿಯೂ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಮಾನಸಿಕ ಆರೋಗ್ಯ ಸಹಾಯವಾಣಿ ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಗುಣ ಎಂದರೆ ಎದೆ ಎಂದೂ ಚುಚ್ಚದಿರುವುದಲ್ಲ. ಬಂಧುವೊಬ್ಬರು ತೀರಿಕೊಂಡಾಗ ಭಯ ಮತ್ತೆ ಬಂದೀತು, ಆಗ ಈ ಪಟ್ಟಿಯನ್ನು ಮತ್ತೆ ತೆರೆಯಿರಿ. ಹೀಗಾಗಿ ನನ್ನ ಬಳಿ ಬರುವವರನ್ನು ‘ಈ ವಾರ ನೋವು ಎಷ್ಟಿತ್ತು?’ ಎಂದು ಕೇಳುವುದಿಲ್ಲ, ‘ಈ ವಾರ ಏನೇನು ಮಾಡಿದಿರಿ?’ ಎಂದು ಕೇಳುತ್ತೇನೆ. ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿ ಕೊನೆಯವರೆಗೂ ಕೂತಿದ್ದೆ ಎಂದರೆ ಚಿಕಿತ್ಸೆ ಸರಿದಾರಿಯಲ್ಲಿದೆ.