ಮೊದಲ ಆ್ಯಪ್ ಚಿಕ್ಕದಿರಲಿ

ನಾಗಪುರದ ವಿಎನ್‌ಐಟಿ ಎಂಜಿನಿಯರಿಂಗ್ ಕಾಲೇಜಿಗೆ ನಮ್ಮ ವಿಶ್ವೇಶ್ವರಯ್ಯನವರ ಹೆಸರಿದೆ. ಅಲ್ಲಿ ಓದುತ್ತಿರುವ, ಅದೇ ಊರಿನ ಮಿಹಾನ್ ಕೈಗಾರಿಕಾ ಪ್ರದೇಶದ ಕಂಪನಿಗಳಲ್ಲಿ ದುಡಿಯುತ್ತಿರುವ ಕನ್ನಡದ ಮಕ್ಕಳೇ, ಆ್ಯಪ್ ಮಾಡುವ ಆಸೆಯಿದ್ದರೆ ಈ ಮಾತು ನಿಮಗೆ.

ದುಬಾರಿ ಕೋರ್ಸಿಗೆ ಮೊದಲೇ ಹಣ ಕಟ್ಟಬೇಡಿ. ಆಂಡ್ರಾಯ್ಡ್ ಸ್ಟುಡಿಯೋ ಉಚಿತ, ಗೂಗಲ್ ಕೊಡುವ ಕಾಟ್ಲಿನ್ ಭಾಷೆಯ ಪಾಠಗಳೂ ಉಚಿತ. ಕಾಟ್ಲಿನ್ನೋ ಫ್ಲಟರೋ ಎಂದು ತಿಂಗಳುಗಟ್ಟಲೆ ಚರ್ಚಿಸುವ ಬದಲು ಒಂದನ್ನು ಹಿಡಿದು ಕೂರಿ. ಲ್ಯಾಪ್‌ಟಾಪ್ ಸೋಲುತ್ತಿದ್ದರೆ ಎಮ್ಯುಲೇಟರ್ (ಪರದೆಯ ಮೇಲಿನ ನಕಲಿ ಫೋನ್) ಬೇಡ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರನ್ನು 7 ಸಲ ಒತ್ತಿ. ತೆರೆದುಕೊಳ್ಳುವ ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಚಾಲೂ ಮಾಡಿ, ಕೇಬಲ್ ಸಿಕ್ಕಿಸಿ. ನಿಮ್ಮ ಕೋಡ್ ನಿಮ್ಮ ಫೋನಿನಲ್ಲೇ ಓಡುತ್ತದೆ. ಆ ಖುಷಿ ಮುಂದಿನ ಪಾಠಕ್ಕೆ ನಿಮ್ಮನ್ನು ತಾನೇ ಎಳೆದೊಯ್ಯುತ್ತದೆ.

ಏನು ಮಾಡಬೇಕು? ಹಾಸ್ಟೆಲ್ ಮೆಸ್ಸಿನ ಖರ್ಚಿನ ಲೆಕ್ಕ ಸಾಕು. ಬರೆದದ್ದು ಫೋನಿನಲ್ಲೇ ಉಳಿಯಲಿ, ಇಂಟರ್ನೆಟ್ ಇಲ್ಲದೆಯೂ ನಡೆಯಲಿ. ಲಾಗಿನ್, ಸರ್ವರ್ ಎಲ್ಲ ಆಮೇಲೆ. ಒಂದು ಕೆಲಸ ಮಾತ್ರ ಈಗಲೇ ಮಾಡಿ: ಪರದೆಯ ಮಾತುಗಳನ್ನು ಕೋಡಿನೊಳಗೆ ತುರುಕದೆ ಸ್ಟ್ರಿಂಗ್ಸ್ ಕಡತದಲ್ಲಿಡಿ, ಕನ್ನಡಕ್ಕೊಂದು ಪ್ರತಿ ಮಾಡಿ. ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತಿದೆಯೇ, ಉದ್ದದ ಪದ ಬಟನ್ನಿನಿಂದ ಹೊರಚೆಲ್ಲುತ್ತಿದೆಯೇ ನೋಡಿ. ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿದವರಿಗೆ ಇದು ಕಾಣುವುದೇ ಇಲ್ಲ, ಕನ್ನಡದಲ್ಲಿ ಆ್ಯಪ್ ಬಳಸುವವರು ಮಾತ್ರ ಕಷ್ಟಪಡುತ್ತಾರೆ.

ಆ್ಯಪ್ ಸಿದ್ಧವಾದ ಮೇಲೆ ಅದನ್ನು ಪ್ರಕಟಿಸಲು ಪ್ಲೇ ಸ್ಟೋರ್ ನೋಂದಣಿಗೆ ಒಮ್ಮೆ 25 ಡಾಲರ್. ಹೊಸ ವೈಯಕ್ತಿಕ ಖಾತೆಯವರು ಪ್ರಕಟಣೆಗೆ ಮುನ್ನ ಕನಿಷ್ಠ 12 ಮಂದಿಯಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕು. ಸಹಪಾಠಿಗಳಿಗೆ, ಊರಿನ ಅಣ್ಣ–ಅಕ್ಕಂದಿರಿಗೆ ಇಂದೇ ಹೇಳಿಡಿ.