ಹಳೆಯ ಆವೃತ್ತಿಗೆ ಎಲ್ಲಿಯವರೆಗೆ ಆಸರೆ?

ನಮ್ಮಲ್ಲಿ ಹಲವರು ಕಚೇರಿಯ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವವರು. ಅದರಲ್ಲಿರುವ ಸಲಕರಣೆ ಎಷ್ಟೇ ಹಳೆಯದಾದರೂ ಬದಲಿಸುವ ಅಧಿಕಾರ ನಮ್ಮದಲ್ಲ. ಹೀಗಿರಲು, ತಂತ್ರಾಂಶ ಬರೆಯುವವರು ಹಳೆಯ ಆವೃತ್ತಿಯ ಕೈಬಿಟ್ಟರೆ ನಮ್ಮ ಗತಿಯೇನು? ಅವರು ಆ ತೀರ್ಮಾನಕ್ಕೆ ಬರುವುದಾದರೂ ಹೇಗೆ? ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಉದಾಹರಣೆಯಿಂದ ಇದನ್ನು ತಿಳಿಯೋಣ.

ಪೈಥಾನಿನಲ್ಲಿ ಬರೆದ ಸಿದ್ಧ ತಂತ್ರಾಂಶಗಳನ್ನು ಪ್ಯಾಕೇಜುಗಳೆಂಬ ಕಟ್ಟುಗಳಾಗಿ ಒಂದು ಸಾರ್ವಜನಿಕ ಉಗ್ರಾಣದಲ್ಲಿ ಇರಿಸಲಾಗಿದೆ. ಅಲ್ಲಿಂದ ಅವನ್ನು ತಂದುಕೊಡುವ ಸಲಕರಣೆಯೇ ಪಿಪ್. ಪೈಥಾನಿನ 3ನೆಯ ಆವೃತ್ತಿ 2008ರಲ್ಲಿ ಬಂದಿತು. ಹಳೆಯ ಪೀಳಿಗೆಯ ಕೊನೆಯದಾದ 2.7, ಅದರ ಅನಂತರ, 2010ರಲ್ಲಿ ಬಂದಿತು. ಎರಡಕ್ಕೂ ಹೊಂದಾಣಿಕೆ ಕಡಿಮೆ. ಐದನ್ನು ಎರಡರಿಂದ ಭಾಗಿಸೆಂದರೆ ಹಳೆಯದು 2 ಎನ್ನುತ್ತದೆ, ಹೊಸದು 2.5 ಎನ್ನುತ್ತದೆ. ಲೆಕ್ಕ ಬರೆಯುವವನಿಗೆ ಇದೇನು ಸಣ್ಣ ಅಂತರವೇ!

ಎರಡನ್ನೂ ಸಾಕುವುದು ಸುಲಭವಲ್ಲ. ಪ್ರತಿಯೊಂದು ತಿದ್ದುಪಡಿಯನ್ನೂ ಪ್ರತಿಯೊಂದು ಆವೃತ್ತಿಯಲ್ಲಿ ಪರೀಕ್ಷಿಸಬೇಕು. ಹೊಸ ಸೌಕರ್ಯಗಳನ್ನು ಮುಟ್ಟುವಂತಿಲ್ಲ. ವಾಕ್ಯದ ನಡುವೆ ಬೆಲೆಗಳನ್ನು ಸೇರಿಸುವ ಎಫ್-ಸ್ಟ್ರಿಂಗ್ ಎಂಬ ಬರವಣಿಗೆ 3.6ರಿಂದ ಬಂದಿತು. ಅದನ್ನು ಒಂದು ಸಾಲಿನಲ್ಲಿ ಬಳಸಿದರೂ ಸಾಕು, 3.5 ಇಡೀ ಕಡತವನ್ನೇ ಓದಲೊಲ್ಲದು. ಈ ಕೆಲಸ ಮಾಡುವವರಲ್ಲಿ ಬಹುಮಂದಿ ಸಂಬಳವಿಲ್ಲದ ಸ್ವಯಂಸೇವಕರೆಂಬುದನ್ನು ಮರೆಯಬಾರದು.

ಹಾಗಾದರೆ ಗಡಿ ಎಲ್ಲಿ? ಭಾಷೆಯನ್ನು ರೂಪಿಸಿದವರೇ ಸಾರಿದ ದಿನಾಂಕ ಮೊದಲನೆಯ ಆಧಾರ. 2.7ಕ್ಕೆ ಮೊದಲು 2015ರ ಗಡುವಿತ್ತು. ಜನ ಬಿಡಲಾರದೆ ಹೋದುದರಿಂದ ಅದನ್ನು 2020ಕ್ಕೆ ಮುಂದೂಡಿದರು. 2020ರಲ್ಲಿ ಬಂದ 3.9ರಿಂದೀಚೆಗೆ ವರ್ಷಕ್ಕೊಂದು ಆವೃತ್ತಿ, ಒಂದೊಂದಕ್ಕೆ ಐದು ವರ್ಷದ ಆರೈಕೆ ಎಂಬ ಏರ್ಪಾಡಾಗಿದೆ. ಉಗ್ರಾಣದಿಂದ ಎಷ್ಟು ಸಲ ಇಳಿಸಿಕೊಂಡರೆಂಬ ಎಣಿಕೆಯನ್ನೂ ಕೆಲವರು ನೋಡುತ್ತಾರೆ. ನನಗೆ ಅದರಲ್ಲಿ ಪೂರ್ಣ ನಂಬಿಕೆಯಿಲ್ಲ. ಪರೀಕ್ಷಾ ಯಂತ್ರವೊಂದು ದಿನಕ್ಕೆ ನೂರು ಸಲ ಇಳಿಸಿಕೊಂಡೀತು. ಒಮ್ಮೆ ಇಳಿಸಿ ತನ್ನಲ್ಲೇ ನಕಲಿಟ್ಟುಕೊಂಡ ಕಚೇರಿಯ ಸಾವಿರ ಮಂದಿ ಆ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಕೈಬಿಡುವುದಕ್ಕಿಂತ ಹೇಗೆ ಕೈಬಿಡುತ್ತಾರೆಂಬುದೇ ಮುಖ್ಯ. ಪ್ಯಾಕೇಜಿನ ಮೇಲೆ 'ಇಂಥ ಪೈಥಾನ್ ಬೇಕು' ಎಂದು ಚೀಟಿ ಅಂಟಿಸುವ ಕ್ರಮವುಂಟು. 2016ರಲ್ಲಿ ಬಂದ 9ನೆಯ ಪಿಪ್ ಮೊದಲ್ಗೊಂಡು ಆ ಚೀಟಿಯನ್ನು ಓದುತ್ತದೆ, ನಮ್ಮ ಪೈಥಾನಿಗೆ ಒಗ್ಗುವ ಕೊನೆಯ ಆವೃತ್ತಿಯನ್ನೇ ಆರಿಸಿ ತರುತ್ತದೆ. ಅದಕ್ಕಿಂತ ಹಳೆಯ ಪಿಪ್‌ಗೆ ಚೀಟಿಯ ಅರಿವಿಲ್ಲ. ಹೊಸದನ್ನೇ ತಂದು ಕೆಲಸ ಕೆಡಿಸುತ್ತದೆ.

ಪಿಪ್ ತಂಡದವರು 2019ರಿಂದಲೇ ತೆರೆಯ ಮೇಲೆ ಎಚ್ಚರಿಕೆ ತೋರಿಸುತ್ತ ಬಂದು, 2021ರ ಜನವರಿಯ 21.0ರಲ್ಲಿ 2.7 ಮತ್ತು 3.5 ಎರಡನ್ನೂ ಬಿಟ್ಟರು. 2.7 ಬಳಸುವವರಿಗಾಗಿ ಹಳೆಯ ಸ್ಥಾಪನಾ ಕಡತವನ್ನು ಬೇರೆ ವಿಳಾಸದಲ್ಲಿ ಉಳಿಸಿದರು. ಅದೇ 2.7 ಅನ್ನು ಒಳಗೊಂಡ ರೆಡ್ ಹ್ಯಾಟ್ ಸಂಸ್ಥೆಯ 7ನೆಯ ಲಿನಕ್ಸಿಗೆ 2024ರ ಜೂನ್‌ವರೆಗೆ ಆರೈಕೆ ನಡೆಯಿತು. ಹಣ ಪಡೆದವರು ಮಾಡಬೇಕಾದ ಕೆಲಸವೇ ಅದು. ಅದನ್ನು ಸ್ವಯಂಸೇವಕರ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ.

ನಿಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಪೈಥಾನ್ ಇದ್ದರೆ, ಅದರ ಸಂಖ್ಯೆಯ ಜೊತೆಗೆ ಪಿಪ್‌ನ ಸಂಖ್ಯೆಯನ್ನೂ ನೋಡಿಟ್ಟುಕೊಳ್ಳಿ. ಅದು 9ಕ್ಕಿಂತ ಕಡಿಮೆಯಿದ್ದರೆ, ಪ್ಯಾಕೇಜು ತರಿಸುವಾಗ ಬೇಕಾದ ಆವೃತ್ತಿಯ ಸಂಖ್ಯೆಯನ್ನು ನೀವೇ ನಮೂದಿಸಬೇಕಾಗುತ್ತದೆ.